ಗೋದಾಮಿನಲ್ಲಿ ಸಿಕ್ಕ ನಿಘಂಟು

1945ರ ಸೆಪ್ಟೆಂಬರ್ 8. ಜಪಾನ್ ಶರಣಾಗಿ, ಕೊರಿಯಾ ಮೂವತ್ತೈದು ವರ್ಷಗಳ ಆಳ್ವಿಕೆಯಿಂದ ಬಿಡುಗಡೆಯಾಗಿ ಮೂರು ವಾರ ದಾಟಿತ್ತು. ಸೋಲ್ ರೈಲು ನಿಲ್ದಾಣದ ಸರಕು ಗೋದಾಮಿನಲ್ಲಿ ಕಾಗದದ ಕಟ್ಟುಗಳು ಸಿಕ್ಕವು. ಬಿಚ್ಚಿ ನೋಡಿದರೆ ಕೈಬರಹದ ಸುಮಾರು 26,500 ಹಾಳೆಗಳು! ಮೂರು ವರ್ಷಗಳ ಹಿಂದೆ ಜಪಾನಿ ಪೊಲೀಸರು ಅಪರಾಧದ ಸಾಕ್ಷ್ಯವೆಂದು ಹೊತ್ತೊಯ್ದಿದ್ದ ಕೊರಿಯನ್ ನಿಘಂಟಿನ ಹಸ್ತಪ್ರತಿ ಅದು.

ನಿಘಂಟು ಬರೆಯುವುದು ಅಪರಾಧವಾದದ್ದು ಹೇಗೆ? ಅದಕ್ಕೆ ಐನೂರು ವರ್ಷ ಹಿಂದಕ್ಕೆ ಹೋಗಬೇಕು.

ಕೊರಿಯನ್ನರು ಬಹುಕಾಲ ಆಡಿದ್ದು ಒಂದು ಭಾಷೆ, ಬರೆದದ್ದು ಇನ್ನೊಂದು. ಬರಹವೆಂದರೆ ಚೀನೀ ಬರಹ. ಅದನ್ನು ಕಲಿಯಲು ವರ್ಷಗಟ್ಟಲೆ ಬಿಡುವಿರಬೇಕು. ರೈತನಿಗೆ ಅದೆಲ್ಲಿಂದ ಬರಬೇಕು? ದೊರೆ ಸೇಜೊಂಗ್ 1443ರಲ್ಲಿ 28 ಅಕ್ಷರಗಳ ಹೊಸ ಲಿಪಿ ರೂಪಿಸಿ, 1446ರಲ್ಲಿ ಪ್ರಕಟಿಸಿದ. ಇಂದು ಹಂಗುಲ್ ಎನ್ನುವುದು ಅದನ್ನೇ. ಕಂಠ್ಯ, ದಂತ್ಯ, ಓಷ್ಠ್ಯವೆಂದು ವರ್ಗಾಕ್ಷರ ಕಲಿತವರಿಗೆ ಇದರ ಒಳಗುಟ್ಟು ಬೇಗ ಹಿಡಿಸುತ್ತದೆ. ನಮ್ಮಲ್ಲಿ ಉಚ್ಚಾರಣೆಯ ಸ್ಥಾನ ಅಕ್ಷರಗಳ ಸಾಲಿನಲ್ಲಿದ್ದರೆ, ಅಲ್ಲಿ ಅಕ್ಷರದ ಆಕಾರದಲ್ಲೇ ಇದೆ: 'ನ'ಕಾರ ಹಲ್ಲಿನ ಹಿಂದೆ ತಾಗುವ ನಾಲಿಗೆಯ ಚಿತ್ರ, 'ಮ'ಕಾರ ಬಾಯಿಯ ಚೌಕ.

ಆಸ್ಥಾನದ ಪಂಡಿತರಿಗೆ ಇದು ಹಿಡಿಸಲಿಲ್ಲ. ಚೀನೀ ಬರಹ ಬಿಟ್ಟು ಬೇರೆ ಲಿಪಿ ಮಾಡಿಕೊಳ್ಳುವುದು ಅನಾಗರಿಕರ ಕೆಲಸ ಎಂದು ಚ್ವೆ ಮಾನ್‌ರಿ ಎಂಬ ವಿದ್ವಾಂಸ 1444ರಲ್ಲೇ ಮನವಿ ಸಲ್ಲಿಸಿದ. ಕಡತ, ಪರೀಕ್ಷೆ, ಪಾಂಡಿತ್ಯ ಎಲ್ಲವೂ ಚೀನಿಯಲ್ಲೇ ಉಳಿದವು. ಹಂಗುಲ್ ಬದುಕಿದ್ದು ಹೆಂಗಸರ ಕಾಗದಗಳಲ್ಲಿ, ಕಥೆಗಳಲ್ಲಿ. ಸರ್ಕಾರಿ ಬರಹಕ್ಕೆ ಅದು ಬಂದದ್ದು 1894ರ ಸುಧಾರಣೆಗಳಲ್ಲಿ. ಹದಿನಾರೇ ವರ್ಷಗಳಲ್ಲಿ, 1910ರಲ್ಲಿ, ದೇಶವೇ ಜಪಾನಿನ ಪಾಲಾಯಿತು.

ನಾಡು ಹೋದ ಮೇಲೆ ನುಡಿಯನ್ನಾದರೂ ಉಳಿಸಿಕೊಳ್ಳಬೇಕೆಂಬ ಹಟ ಹುಟ್ಟಿತು. ವ್ಯಾಕರಣಕಾರ ಜು ಸಿಗ್ಯೊಂಗ್ ಶುರು ಮಾಡಿದ್ದ ನಿಘಂಟು 1914ರಲ್ಲಿ ಅವನ ಸಾವಿನಿಂದ ಅರ್ಧಕ್ಕೆ ನಿಂತಿತು. 1929ರಲ್ಲಿ ಮತ್ತೊಂದು ಸಮಿತಿ ಕೂಡಿತು. ಒಂದೇ ಪದವನ್ನು ಹತ್ತು ಜನ ಹತ್ತು ಬಗೆಯಲ್ಲಿ ಬರೆಯುತ್ತಿದ್ದರೆ ಅದನ್ನು ನಿಘಂಟಿನಲ್ಲಿ ಎಲ್ಲಿ ಕೂರಿಸುವುದು? ಹಾಗಾಗಿ ಕೊರಿಯನ್ ಭಾಷಾ ಸಂಘ 1933ರಲ್ಲಿ ಕಾಗುಣಿತದ ನಿಯಮಗಳನ್ನು, 1936ರಲ್ಲಿ ಶಿಷ್ಟ ಪದಗಳ ಪಟ್ಟಿಯನ್ನು ಹೊರತಂದಿತು.

ಆ ಹೊತ್ತಿಗೆ ಹಗ್ಗ ಬಿಗಿಯಾಗುತ್ತಿತ್ತು. 1938ರಲ್ಲಿ ಶಾಲೆಗಳಲ್ಲಿ ಕೊರಿಯನ್ ಐಚ್ಛಿಕ ವಿಷಯವಾಯಿತು. ಹೆಚ್ಚಿನ ಕಡೆ ಕಲಿಸುವುದೇ ನಿಂತಿತು. 1940ರಲ್ಲಿ ಜಪಾನಿ ಹೆಸರಿಟ್ಟುಕೊಳ್ಳುವ ಒತ್ತಾಯ ಬಂತು. ಅದೇ ವರ್ಷ ದೊಡ್ಡ ಕೊರಿಯನ್ ಪತ್ರಿಕೆಗಳು ಮುಚ್ಚಿದವು. 1942ರ ಅಕ್ಟೋಬರ್‌ನಿಂದ ಭಾಷಾ ಸಂಘದವರ ಬಂಧನ ಆರಂಭವಾಯಿತು. ಮೊಕದ್ದಮೆಯಲ್ಲಿ ಸಿಲುಕಿದವರು 33 ಮಂದಿ. ಭಾಷೆ ಉಳಿಸುವುದೂ ಸ್ವಾತಂತ್ರ್ಯ ಹೋರಾಟದ ಒಂದು ರೂಪ ಎಂಬುದು ಆರೋಪ. ಚಿತ್ರಹಿಂಸೆಯ ನಡುವೆ ಇ ಯುನ್‌ಜೆ ಮತ್ತು ಹಾನ್ ಜಿಂಗ್ ಹಾಮ್‌ಹುಂಗ್ ಜೈಲಿನಲ್ಲೇ ತೀರಿಕೊಂಡರು. ಇ ಗುಕ್‌ರೋಗೆ ಆರು ವರ್ಷ, ಚ್ವೆ ಹ್ಯೊನ್‌ಬೆಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಮೇಲ್ಮನವಿಯ ಕಡತಗಳೊಂದಿಗೆ ಹಸ್ತಪ್ರತಿ ಸೋಲ್‌ಗೆ ಬಂತು. ಅಷ್ಟರಲ್ಲಿ ಯುದ್ಧವೇ ಮುಗಿಯಿತು.

ಜೈಲಿನಿಂದ ಬಂದವರು ಮತ್ತೆ ಅದೇ ಹಾಳೆಗಳ ಮುಂದೆ ಕುಳಿತರು. ಮೊದಲ ಸಂಪುಟ 1947ರ ಅಕ್ಟೋಬರ್ 9ರಂದು, ಹಂಗುಲ್ ದಿನದಂದೇ, ಬಂತು. ನಡುವೆ ಕೊರಿಯಾ ಯುದ್ಧ. ಆರನೆಯ, ಕೊನೆಯ ಸಂಪುಟ ಬಂದದ್ದು 1957ರಲ್ಲಿ. ಒಟ್ಟು 1,60,000ಕ್ಕೂ ಹೆಚ್ಚು ಪದಗಳು.

ಸಂಪುಟಗಳು ಮುಗಿಯುವಷ್ಟರಲ್ಲಿ ದೇಶ ಎರಡಾಗಿತ್ತು, ನಿಘಂಟುಕಾರರೂ ಎರಡಾಗಿದ್ದರು. 1948ರಲ್ಲಿ ಉತ್ತರಕ್ಕೆ ಹೋದ ಇ ಗುಕ್‌ರೋ ಅಲ್ಲೇ ಉಳಿದು ಭಾಷೆಯ ಕೆಲಸ ಮುಂದುವರಿಸಿದ. ಚ್ವೆ ಹ್ಯೊನ್‌ಬೆ ದಕ್ಷಿಣದಲ್ಲಿ. ಇಂದು ಎರಡೂ ಕಡೆ ಕಾಗುಣಿತ ಬೇರೆ, ನಿಘಂಟಿನಲ್ಲಿ ಅಕ್ಷರಗಳ ಕ್ರಮವೂ ಬೇರೆ. 2005ರಲ್ಲಿ ಎರಡೂ ಕಡೆಯ ಪಂಡಿತರು ಸೇರಿ ಒಂದು ಜಂಟಿ ನಿಘಂಟು ಆರಂಭಿಸಿದರು. ಗಡಿಯಲ್ಲಿ ಬಿಗುವು ಹೆಚ್ಚಿದಾಗೆಲ್ಲ ಅವರ ಸಭೆಗಳು ನಿಂತವು. ಹಿಂದೆ ಪೊಲೀಸರ ಕೈಯಿಂದ ಪಾರಾಗಿ ಬಂದ ಕೆಲಸ, ಈಗ ಗಡಿ ತೆರೆಯುವುದನ್ನು ಕಾಯುತ್ತಿದೆ.