ಟೊರಾಂಟೊ ಸಮ್ಮೇಳನ ಮತ್ತು ವಲಸಿಗನ ಪ್ರಶ್ನೆ

ಹವಾಮಾನ ಸಂಶೋಧನೆಯು ಪ್ರಯೋಗಾಲಯವನ್ನು ದಾಟಿ ಅಂತಾರಾಷ್ಟ್ರೀಯ ಭದ್ರತೆಯ ಚರ್ಚೆಯನ್ನು ಪ್ರವೇಶಿಸಿದ್ದನ್ನು 1988ರ ಜೂನ್ ತಿಂಗಳಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಗುರುತಿಸಬಹುದು. ಬದಲಾಗುತ್ತಿರುವ ವಾಯುಮಂಡಲ ಹಾಗೂ ಜಾಗತಿಕ ಭದ್ರತೆ ಅದರ ವಿಷಯವಾಗಿತ್ತು. 46 ದೇಶಗಳ ಮುನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು, ನೀತಿನಿರೂಪಕರು ಅಲ್ಲಿ ಸೇರಿದ್ದರು. ಅಣುಯುದ್ಧವೊಂದನ್ನು ಬಿಟ್ಟರೆ ಇಂಥ ವಿಪತ್ತು ಬೇರಿಲ್ಲವೆಂದು ಸಮ್ಮೇಳನದ ಹೇಳಿಕೆ ಸಾರಿತು; 2005ರೊಳಗೆ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯನ್ನು ಶೇ. 20ರಷ್ಟು ತಗ್ಗಿಸಬೇಕೆಂದೂ ಕೋರಿತು. ಶೀತಲ ಸಮರ ಇನ್ನೂ ಮುಗಿಯದಿದ್ದ ಆ ದಿನಗಳಲ್ಲಿ ಅಣುಬಾಂಬಿನ ಹೋಲಿಕೆಯಿಲ್ಲದ ಮಾತು ಸರ್ಕಾರಗಳ ಕಿವಿಗೆ ಬೀಳುತ್ತಿರಲಿಲ್ಲವೇನೋ.

ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯು 1990ರ ತನ್ನ ಪ್ರಥಮ ವರದಿಯಲ್ಲಿ, ಅತ್ಯಂತ ಗಂಭೀರವಾದ ಪರಿಣಾಮವು ವಲಸೆಯೇ ಆಗಬಹುದೆಂದಿತು. ಆದರೆ 1951ರ ನಿರಾಶ್ರಿತರ ಒಪ್ಪಂದವು ಕಿರುಕುಳಕ್ಕೆ ಅಂಜಿ ಬಂದವನನ್ನು ಬಲ್ಲುದೇ ಹೊರತು, ಕಡಲು ನುಂಗಿದ ಊರಿನವನನ್ನಲ್ಲ. 2007ರ ಏಪ್ರಿಲ್‌ನಲ್ಲಿ ಭದ್ರತಾ ಮಂಡಳಿ ಈ ವಿಷಯವನ್ನು ಮೊದಲ ಬಾರಿಗೆ ಎತ್ತಿಕೊಂಡಾಗ, ಅದು ಮಂಡಳಿಯ ವ್ಯಾಪ್ತಿಗೆ ಸೇರಿದ್ದಲ್ಲವೆಂದು ಅಭಿವೃದ್ಧಿಶೀಲ ದೇಶಗಳು ಆಕ್ಷೇಪಿಸಿದವು. 2021ರ ಡಿಸೆಂಬರ್‌ನಲ್ಲಿ ಐರ್ಲೆಂಡ್ ಮತ್ತು ನೈಜರ್ ಮಂಡಿಸಿದ ನಿರ್ಣಯವು ರಷ್ಯಾದ ವೀಟೋದಿಂದ ಬಿದ್ದುಹೋಯಿತು. ಭಾರತವೂ ವಿರುದ್ಧವಾಗಿ ಮತ ಚಲಾಯಿಸಿತ್ತು. ಈ ನಿಲುವನ್ನು ಬರಿಯ ಹಠವೆಂದು ತಳ್ಳಿಹಾಕಲಾಗದು. ಹೊಗೆಯುಗುಳಿ ಸಿರಿವಂತವಾದ ನಾಡುಗಳೇ ಅದನ್ನು ಭದ್ರತೆಯ ಪ್ರಶ್ನೆಯೆಂದು ಕರೆದಾಗ, ಗಡಿಯಲ್ಲಿ ನಿಂತ ವಲಸಿಗ ಸಂತ್ರಸ್ತನಾಗಿ ಕಾಣದೆ ಶಂಕಿತನಾಗಿ ಕಾಣತೊಡಗುತ್ತಾನೆ.

ಕಾನೂನಿನ ಬಾಗಿಲು ಕೊಂಚ ಸರಿದದ್ದು ಬೇರೆಡೆ. ಕಿರಿಬಾಸ್ ದ್ವೀಪರಾಷ್ಟ್ರದ ಪ್ರಜೆಯೊಬ್ಬನನ್ನು ನ್ಯೂಜಿಲೆಂಡ್ 2015ರಲ್ಲಿ ಹಿಂದಕ್ಕೆ ಕಳುಹಿಸಿತ್ತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು 2020ರ ಜನವರಿಯಲ್ಲಿ ಪ್ರಕಟವಾದ ತೀರ್ಮಾನದಲ್ಲಿ ಅವನ ದೂರನ್ನು ತಿರಸ್ಕರಿಸಿತು. ಆದರೂ, ಹವಾಮಾನದಿಂದ ಜೀವಕ್ಕೆ ಅಪಾಯವಿರುವ ನೆಲಕ್ಕೆ ಜನರನ್ನು ಮರಳಿ ಅಟ್ಟುವುದು ಹಕ್ಕಿನ ಉಲ್ಲಂಘನೆಯಾಗಬಹುದೆಂದು ಅದೇ ತೀರ್ಮಾನದಲ್ಲಿ ಒಪ್ಪಿಕೊಂಡಿತು.