ಮದಲ ನೀರು, ಆಮ್ಯಾಲ ಬೆಂಕಿ

ನಮ್ಮ ಕಬನೂರಿನಲ್ಲಿ ಬಂಬ ಹಚ್ಚುವ ಮನೆಗಳು ಈಗ ನನಗೆ ಗೊತ್ತಿದ್ದಂತೆ ಬೆರಳಿನಲ್ಲಿ ಎಣಿಸುವಷ್ಟು. ಹೊಸ ಹುಡುಗರಿಗಾಗಿ ಅದರ ರಚನೆ ಹೇಳಿಬಿಡುತ್ತೇನೆ. ಎರಡು-ಮೂರು ಕೊಡ ನೀರು ಹಿಡಿಯುವ ತಾಮ್ರದ ಉದ್ದನೆಯ ಪಾತ್ರೆ. ಅದರ ನಟ್ಟನಡುವೆ ಕೆಳಗಿನಿಂದ ಮೇಲಿನತನಕ ಒಂದು ಕೊಳವೆ. ಬೆಂಕಿ ಕೊಳವೆಯೊಳಗೆ, ನೀರು ಅದರ ಸುತ್ತ. ಕೆಳಗೆ ಬೂದಿ ಬೀಳುವ ಜಾಳಿಗೆ, ಬದಿಗೊಂದು ಹಿತ್ತಾಳೆಯ ನಳ. ಅದಕ್ಕೂ ಹಿಂದಿನದು ಬಚ್ಚಲೊಲೆಯ ಹಂಡೆ. ಹಂಡೆಗೆ ಬೆಂಕಿ ಹೊರಗಿನಿಂದ ತಾಗುತ್ತಿತ್ತು, ಬಂಬದಲ್ಲಿ ಬೆಂಕಿ ನೀರಿನ ಹೊಟ್ಟೆಯೊಳಗೇ ಹೋಗಿ ಕೂತಿತು. ಹಂಡೆಗೆ ಒಂದು ಹೊರೆ ಕಬ್ಬಿನ ರವದಿ ಬೇಕಾಗುತ್ತಿದ್ದಲ್ಲಿ ಬಂಬಕ್ಕೆ ನಾಲ್ಕು ಕುಳ್ಳು, ಎರಡು ತೆಂಗಿನ ಚಿಪ್ಪು ಸಾಕಾಗುತ್ತಿತ್ತು.

ಬಂಬ ಹಚ್ಚುವ ಕೆಲಸ ಮಕ್ಕಳಾದ ನಮ್ಮದು. ಅಜ್ಜಿ ಪ್ರತಿ ದಿನ ಒಂದೇ ಮಾತು ಹೇಳುತ್ತಿದ್ದಳು: “ಮದಲ ನೀರ ಹಾಕು, ಆಮ್ಯಾಲ ಬೆಂಕಿ ಹಾಕು. ಒಣಾ ಬಂಬಕ್ಕ ಬೆಂಕಿ ಹಾಕಿದ್ರ ಬೆಸಿಗಿ ಬಿಡ್ತದ.” ನಿಜವೇ. ಸುತ್ತ ನೀರಿರುವತನಕ ತಾಮ್ರ ನೂರು ಡಿಗ್ರಿಯ ಆಸುಪಾಸಿಗೇ ನಿಲ್ಲುತ್ತದೆ. ನೀರು ಇಲ್ಲವಾದರೆ ಶಾಖ ಏರುತ್ತ ಹೋಗಿ ಬೆಸುಗೆ ಕರಗುತ್ತದೆ. ಇನ್ನು ನೀರು ಎಷ್ಟು ಕುದ್ದರೂ ಬಂಬದ ಬಾಯಿ ತೆರೆದೇ ಇರುತ್ತಿತ್ತು, ಹಬೆ ಹೊರಗೆ ಹೋಗುತ್ತಿತ್ತು. ಬಿಸಿನೀರು ನೇರವಾಗಿ ಮೈಮೇಲೆ ಬರುವ ದಾರಿಯೇ ಇರಲಿಲ್ಲ. ಬಕೆಟ್ಟಿಗೆ ಬಿಟ್ಟು, ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ ಆಮೇಲೆ ತಂಬಿಗೆ ಎತ್ತುತ್ತಿದ್ದೆವು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆಗೆ ಪೂಜೆ ಮಾಡುವುದೂ ತುಂಬಿದ ಹಂಡೆಗೇ ಹೊರತು ಬರಿದಾದದ್ದಕ್ಕಲ್ಲ.

ಅಜ್ಜಿಯ ಮಾತಿಗೆ ಇನ್ನೊಂದು ಸಾಕ್ಷಿ ನಮ್ಮ ಮಗ್ಗುಲಲ್ಲೇ ಇತ್ತು. 1904ರಲ್ಲಿ ವಿಠ್ಠಲರಾವ ದಾತಾರರು ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದರು. ಮುಂದೆ ಮಗ್ಗ ಹೆಚ್ಚಿದಂತೆ ಹಾಸಿನ ನೂಲಿಗೆ ಗಂಜಿ ಹಾಕುವ ಸೈಜಿಂಗ್‌ಗಳು ಬಂದವು, ಅವುಗಳ ಜೊತೆ ಹಬೆಯ ಬಾಯ್ಲರ್‌ಗಳೂ ಬಂದವು. ಸೈಜಿಂಗಿನಲ್ಲಿ ದುಡಿದವರನ್ನು ಕೇಳಿ ನೋಡಿರಿ, ಬಾಯ್ಲರ್ ಕಾಯುವವನ ಕಣ್ಣು ಬೆಂಕಿಯ ಮೇಲಿಗಿಂತ ಗಾಜಿನ ನಳಿಗೆಯ ಮೇಲೇ ಹೆಚ್ಚು. ಒಳಗೆ ನೀರು ಎಷ್ಟಿದೆ ಎಂದು ತೋರಿಸುವುದು ಆ ನಳಿಗೆ.

ಈ ಎಚ್ಚರ ಜನಕ್ಕೆ ಪುಕ್ಕಟೆ ಬಂದದ್ದಲ್ಲ. 1803ರಲ್ಲಿ ಲಂಡನ್ನಿನ ಹತ್ತಿರದ ಗ್ರೀನಿಚ್‌ನಲ್ಲಿ ರಿಚರ್ಡ್ ಟ್ರೆವಿಥಿಕ್ ಎಂಬ ಇಂಜಿನಿಯರನ ಹಬೆಯಂತ್ರವೊಂದು ನಡೆದಿತ್ತು. ಅದನ್ನು ನೋಡಿಕೊಳ್ಳಬೇಕಾಗಿದ್ದ ಹುಡುಗ ಹಾವುಮೀನು ಹಿಡಿಯಲು ಹೋದ. ಬಾಯ್ಲರ್ ಸಿಡಿದು ನಾಲ್ಕು ಜನ ಸತ್ತರು. ಹುಡುಗನನ್ನು ಬೈದು ಸುಮ್ಮನಾಗಬಹುದಿತ್ತು, ಟ್ರೆವಿಥಿಕ್ ಹಾಗೆ ಮಾಡಲಿಲ್ಲ. ಹುಡುಗ ಇಲ್ಲದಿದ್ದರೂ ಕಾಯುವ ಏನಾದರೂ ಬೇಕೆಂದು ಬಾಯ್ಲರಿನಲ್ಲಿ ಒಂದು ಸೀಸದ ಬಿರಡೆ ಕೂಡಿಸಿದ. ನೀರು ಬಿರಡೆಯನ್ನು ಮುಚ್ಚಿರುವತನಕ ಸೀಸ ಕರಗದು. ನೀರು ಇಳಿದರೆ ಸೀಸ ಕರಗಿ, ತೂತಿನಿಂದ ಹಬೆ ಒಲೆಗೇ ನುಗ್ಗಿ ಬೆಂಕಿಯನ್ನು ಕುಗ್ಗಿಸುತ್ತದೆ. ನಮ್ಮ ಅಜ್ಜಿ ಬೆಸುಗೆ ಬಿಡುತ್ತದೆಂದು ಹೆದರುತ್ತಿದ್ದಳು, ಆತ ಬೇಕೆಂದೇ ಬಿಡುವ ಬೆಸುಗೆಯನ್ನು ಇಟ್ಟ! ಇಷ್ಟು ದೊಡ್ಡ ಬುದ್ಧಿ ಇಷ್ಟು ಸಣ್ಣ ವಸ್ತುವಿನಲ್ಲಿ ಇರುವುದನ್ನು ಕಂಡರೆ ನನಗೆ ಈಗಲೂ ಆಶ್ಚರ್ಯ.

ಮನೆಯ ಬಚ್ಚಲಿಗೆ ಗ್ಯಾಸಿನ ಬೆಂಕಿ ತಂದವನು ಲಂಡನ್ನಿನಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದ ಬೆಂಜಮಿನ್ ವ್ಯಾಡಿ ಮಾಘನ್. 1868ರಲ್ಲಿ ಅವನು ಮಾಡಿದ ಯಂತ್ರಕ್ಕೆ ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯ ಹೆಸರನ್ನೇ ಇಟ್ಟ. ನಾವು ದಿನಾ ಅನ್ನುವ ‘ಗೀಜರ್’ ಅಲ್ಲಿಂದ ಬಂದದ್ದು. ಆದರೆ ಅದಕ್ಕೆ ಹೊಗೆ ಹೋಗುವ ಕೊಳವೆಯೂ ಇರಲಿಲ್ಲ, ಶಾಖಕ್ಕೆ ಲಗಾಮೂ ಇರಲಿಲ್ಲ. 1895ರಲ್ಲಿ ಜರ್ಮನಿಯ ಡೆಸ್ಸೌದಲ್ಲಿ ಹ್ಯೂಗೋ ಜಂಕರ್ಸ್ ಕಾರಖಾನೆ ತೆಗೆದು ಗ್ಯಾಸಿನ ಬಚ್ಚಲ ಗೀಜರ್‌ಗಳನ್ನು ಮಾಡತೊಡಗಿದ. ಮುಂದೆ 1915ರಲ್ಲಿ ಪೂರಾ ಲೋಹದ ವಿಮಾನ ಕಟ್ಟಿದವನೂ ಇವನೇ. ನಮ್ಮ ದೇಶಕ್ಕೆ ಸಿಲಿಂಡರಿನ ಗ್ಯಾಸು 1955ರಲ್ಲಿ ಮುಂಬಯಿಗೆ ಮೊದಲು ಬಂತು. ಅದು ಹಳ್ಳಿಯ ಅಡುಗೆಮನೆಗೆ ಬಂದು, ಅಲ್ಲಿಂದ ಬಚ್ಚಲಿಗೆ ದಾಟಲು ಎಷ್ಟೋ ದಶಕ ಹಿಡಿದವು.

ಈಗಿನ ಗ್ಯಾಸ್ ಗೀಜರಿನ ಮುಚ್ಚಳ ತೆಗೆದರೆ ಅಜ್ಜಿಯ ಮಾತೇ ಕಾಣುತ್ತದೆ. ತಣ್ಣೀರು ಒಳಬರುವ ಬಾಯಲ್ಲಿ ಒಂದು ರಬ್ಬರಿನ ಪೊರೆ ಇದೆ. ನೀರು ಹರಿದರೆ ಪೊರೆಯ ಎರಡು ಬದಿಯ ಒತ್ತಡದಲ್ಲಿ ವ್ಯತ್ಯಾಸವಾಗಿ ಅದು ಒಂದು ಕಡ್ಡಿಯನ್ನು ತಳ್ಳುತ್ತದೆ. ಆಗ ಗ್ಯಾಸಿನ ದಾರಿ ತೆರೆದು, ದಪ್ಪ ಸೆಲ್ಲಿನಿಂದ ಟಿಕ್ ಟಿಕ್ ಎಂದು ಕಿಡಿ ಹಾರಿ ಬೆಂಕಿ ಹೊತ್ತುತ್ತದೆ. ನಳ ಮುಚ್ಚಿದರೆ ಬೆಂಕಿಯೂ ಆರುತ್ತದೆ. ಇನ್ನು ಮೇಲಿನ ತಾಮ್ರದ ಕೊಳವೆಗೆ ಗುಂಡಿಯಷ್ಟು ದೊಡ್ಡ ಒಂದು ಸೆನ್ಸರ್ ಅಂಟಿರುತ್ತದೆ. ಒಳಗೆ ಎರಡು ಬೇರೆ ಲೋಹ ಬೆಸೆದ ತಗಡು. ಶಾಖ ಮಿತಿ ಮೀರಿದರೆ ಒಂದು ಲೋಹ ಹೆಚ್ಚು ಹಿಗ್ಗಿ ತಗಡು ಬಾಗುತ್ತದೆ, ವಿದ್ಯುತ್ತಿನ ಸುತ್ತು ಕಡಿದು ಗ್ಯಾಸು ನಿಲ್ಲುತ್ತದೆ. ತಣ್ಣಗಾದರೆ ಮತ್ತೆ ಕೂಡುತ್ತದೆ. ಟ್ರೆವಿಥಿಕ್‌ನ ಸೀಸದ ಬಿರಡೆಯ ಮೊಮ್ಮಗ ಅನ್ನಿರಿ.

ಇಷ್ಟೆಲ್ಲ ಓದಿಕೊಂಡದ್ದು ಒಂದು ತಪ್ಪು ಮಾಡಿದ ಮೇಲೆ. ಹಿಂದಿನ ಚಳಿಗಾಲ ನಮ್ಮ ಮನೆಯ ಗೀಜರ್ ಎರಡು ನಿಮಿಷ ಸುಡುಸುಡು ನೀರು ಕೊಟ್ಟು ಆರಿಹೋಗುತ್ತಿತ್ತು. ಐದು ನಿಮಿಷ ಬಿಟ್ಟರೆ ಮತ್ತೆ ಹೊತ್ತಿ, ಮತ್ತೆ ಆರುತ್ತಿತ್ತು. ನೋಡಲು ಬಂದ ದುರುಸ್ತಿಯ ಹುಡುಗ, “ಸೆನ್ಸರ್ ಕೆಟ್ಟೈತ್ರಿ ಗುರುಗಳ, ಡೈರೆಕ್ಟ್ ಮಾಡಿ ಕೊಡ್ತೀನಿ” ಅಂದ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ನಾನು “ಹೂಂ” ಅಂದೆ. ಸೆನ್ಸರಿನ ಎರಡು ತಂತಿಗಳನ್ನು ಕೂಡಿಸಿ ಟೇಪು ಸುತ್ತಿದ. ಗೀಜರ್ ಆರುವುದು ನಿಂತಿತು. ನಾಲ್ಕನೆಯ ದಿನ ಏಳು ವರ್ಷದ ಮೊಮ್ಮಗ ಶಾವರ್ ಕೆಳಗೆ ನಿಂತಾಗ ಭುಜ ಸುಟ್ಟುಕೊಂಡ. ಅವನ ಕೂಗು ಕೇಳಿ ಓಡಿದವಳು ಸೊಸೆ. ನಾನು ಅಂಗಳದಲ್ಲಿ ಪೇಪರ್ ಓದುತ್ತ ಕೂತಿದ್ದೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಒಪ್ಪಿಗೆ ಕೊಟ್ಟವನು ನಾನು. ಕಾವಲುಗಾರ ಕೂಗಿದನೆಂದು ಅವನ ಬಾಯಿ ಕಟ್ಟಿದ್ದೆ.

ಆಮೇಲೆ ಲೆಕ್ಕ ಮಾಡಿದೆ. ಹದಿನೈದು ಲೀಟರಿನ ಬಕೆಟ್ ಮೂರು ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 5 ಲೀಟರ್. ನಮ್ಮಲ್ಲಿ ಆರು ನಿಮಿಷ ಬೇಕಾಯಿತು, ಅಂದರೆ ಎರಡೂವರೆ ಲೀಟರ್. ಬೆಂಕಿ ಅಷ್ಟೇ ಇದ್ದು ನೀರು ಅರ್ಧವಾದರೆ ಶಾಖದ ಏರಿಕೆ ದುಪ್ಪಟ್ಟಾಗುತ್ತದೆ. 20 ಡಿಗ್ರಿಯ ನೀರು 25 ಏರಿ 45 ಆಗಬೇಕಾಗಿದ್ದದ್ದು 50 ಏರಿ 70 ಆಗುತ್ತದೆ. 70 ಡಿಗ್ರಿಯ ನೀರು ಚರ್ಮ ಸುಡಲು ಕ್ಷಣಮಾತ್ರ ಸಾಕು. ಸೆನ್ಸರ್ ಕೆಟ್ಟಿರಲೇ ಇಲ್ಲ, ನೀರು ಕಡಿಮೆಯಾಗಿತ್ತು.

ನೀರು ಯಾಕೆ ಕಡಿಮೆ? ಮೊದಲು ಸಿಕ್ಕದ್ದು ತಣ್ಣೀರಿನ ಬಾಯಲ್ಲಿದ್ದ ಸಣ್ಣ ಜಾಲರಿ. ಉಸುಕು, ಪಾಚಿ ಸೇರಿ ಅರ್ಧ ಮುಚ್ಚಿತ್ತು. ಅದನ್ನು ತೊಳೆದದ್ದಕ್ಕೆ ಒಂದೂವರೆ ನಿಮಿಷ ಉಳಿಯಿತು. ಶಾವರಿನ ತೂತುಗಳಲ್ಲಿ ಬಿಳಿ ಪದರು. ನಮ್ಮ ಬೋರಿನ ನೀರು ಗಡಸು, ಕಾಯಿಸಿದರೆ ಸುಣ್ಣದಂಶ ಪದರುಗಟ್ಟುತ್ತದೆ. ಬಂಬಕ್ಕೂ ಹೀಗೇ ಆಗುತ್ತಿತ್ತು, ಅಜ್ಜಿ ಹುಣಸೆಹಣ್ಣಿನ ನೀರು ಹಾಕಿ ತಿಕ್ಕುತ್ತಿದ್ದಳು. ಹುಣಸೆಯ ಹುಳಿ ಮಾಡುವ ಕೆಲಸವನ್ನೇ ಗೀಜರಿನ ಕೊಳವೆಯೊಳಗೆ ನಿಂಬೆಹುಳಿ ಪುಡಿ ಕರಗಿಸಿದ ನೀರು ಮಾಡುತ್ತದೆ. ಆದರೆ ಗ್ಯಾಸು ಬಂದ್ ಮಾಡಿ, ಬಿಚ್ಚಲು ಬಲ್ಲವರಿಂದಲೇ ಮಾಡಿಸಬೇಕು. ಟಾಕಿಯ ಎತ್ತರವೂ ಒಂದು ಕಾರಣ. ಹತ್ತು ಅಡಿ ಎತ್ತರದ ಟಾಕಿ ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.3 ಕಿಲೋ ಅಷ್ಟೇ. ನೀರು ಇನ್ನಷ್ಟು ಬಿಸಿ ಬರಲೆಂದು ನಳ ಸಣ್ಣ ಮಾಡುವ ರೂಢಿ ನಮ್ಮಲ್ಲಿ ಬಹಳ, ಅದೂ ಇದೇ ತೊಂದರೆಗೆ ದಾರಿ. ಬೇಸಿಗೆಯಲ್ಲಿ ಟಾಕಿಯ ನೀರೇ ಕಾದಿರುತ್ತದೆ, ಆಗ ಗುಂಡಿಯನ್ನು ಚಳಿಗಾಲದ ಗುರುತಿನಲ್ಲೇ ಬಿಟ್ಟರೆ ಗೀಜರ್ ಆರದೆ ಇನ್ನೇನು ಮಾಡೀತು?

ಹೊಗೆಯ ಮಾತು ಉಳಿಯಿತು. ಬಂಬವನ್ನು ಹಿತ್ತಲಲ್ಲಿ ಇಡುತ್ತಿದ್ದೆವು, ಹೊಗೆ ಆಕಾಶಕ್ಕೆ ಹೋಗುತ್ತಿತ್ತು. ಗೀಜರನ್ನು ಮಾತ್ರ ಮುಚ್ಚಿದ ಬಚ್ಚಲಿನಲ್ಲಿ ಹಾಕಿಸಿ, ಚಳಿ ಎಂದು ಕಿಟಕಿಯನ್ನೂ ಹಾಕುತ್ತೇವೆ. ಗಾಳಿ ಸಾಲದ ಬೆಂಕಿ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿ, ಕದ ತೆಗೆಯುವ ಶಕ್ತಿ ಉಳಿಯುವ ಮೊದಲೇ ಮನುಷ್ಯ ಬೀಳುತ್ತಾನೆ. ಮಾಘನ್‌ನ ಯಂತ್ರಕ್ಕಿದ್ದ ಕೊರತೆಯನ್ನು ನೂರೈವತ್ತು ವರ್ಷದ ಮೇಲೆ ನಾವು ದುಡ್ಡು ಕೊಟ್ಟು ಮನೆಗೆ ತಂದುಕೊಳ್ಳುತ್ತಿದ್ದೇವೆ. ಉರಿ ನೀಲಿ ಇದ್ದದ್ದು ಹಳದಿಯಾದರೆ, ಕೊಳವೆಯ ಮೇಲೆ ಕಾಡಿಗೆ ಕೂತರೆ, ಅವತ್ತೇ ಅದನ್ನು ಹಚ್ಚುವುದು ಬಿಡಬೇಕು.

ನಾನು ಗೀಜರನ್ನು ಬಚ್ಚಲಿನ ಹೊರಗೋಡೆಗೆ ತಗಡಿನ ನೆರಳಿನಲ್ಲಿ ಹಾಕಿಸಿದೆ. ಹೊಸ ಸೆನ್ಸರ್ ತರಬೇಕಾಗಲಿಲ್ಲ, ಹಳೆಯದನ್ನೇ ಮತ್ತೆ ಜೋಡಿಸಿದರು. ಶಾವರ್ ತೆಗೆಸಿದ್ದೇವೆ. ಮೊಮ್ಮಗ ಈಗ ಬಕೆಟ್ಟಿನಲ್ಲೇ ಮೀಯುತ್ತಾನೆ, ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ.