ಕಂದು ಹಲ್ಲು ಕಲಿಸಿದ ಪಾಠ



ಹಲ್ಲುಜ್ಜುವ ಪೇಸ್ಟಿನ ಮೇಲೆ ‘ಫ್ಲೋರೈಡ್’ ಎಂಬ ಹೆಸರನ್ನು ನೀವು ಓದಿರುತ್ತೀರಿ. ಮಕ್ಕಳ ಹಲ್ಲಿಗೆ ಅದು ಒಳ್ಳೆಯದೆಂದು ಕೇಳಿಯೂ ಇರುತ್ತೀರಿ. ಹಾಗಾದರೆ, ಹಲ್ಲು ಬೆಳೆದು ಮುಗಿದಿರುವ ನಿಮ್ಮ ತಂದೆತಾಯಿಯರಿಗೆ, ಅಜ್ಜ ಅಜ್ಜಿಯರಿಗೆ ಅದರಿಂದ ಉಪಯೋಗವುಂಟೇ? ಈ ಪ್ರಶ್ನೆಯ ಹಿಂದೆ ಒಂದು ಶತಮಾನದ ಇತಿಹಾಸವಿದೆ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದ. ಅಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಹೆಸರಾಂತ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಕೂಡ 1909ರಲ್ಲಿ ಅಲ್ಲಿಗೆ ಬಂದು ಪರೀಕ್ಷಿಸಿದ. ಕಲೆಯಾದ ಆ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆ ಎಂಬುದು ಅವರನ್ನು ಬೆರಗುಗೊಳಿಸಿತು. ಮೆಕೇ ಕುಡಿಯುವ ನೀರನ್ನು ಶಂಕಿಸಿದ. 1931ರಲ್ಲಿ ರಸಾಯನತಜ್ಞ ಎಚ್. ವಿ. ಚರ್ಚಿಲ್ ನಡೆಸಿದ ನೀರಿನ ಪರೀಕ್ಷೆಯಿಂದ ಕಾರಣ ಹೊರಬಿತ್ತು. ಅದು ಅತಿಯಾದ ಫ್ಲೋರೈಡ್!

ಮುಂದೆ ಟ್ರೆಂಡ್ಲಿ ಡೀನ್ ಊರೂರಿನ ಮಕ್ಕಳ ಹಲ್ಲುಗಳನ್ನು ಹೋಲಿಸಿದ. ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಹುಳುಕೂ ಕಡಿಮೆ, ಎದ್ದು ಕಾಣುವ ಕಲೆಯೂ ಇಲ್ಲ ಎಂದು ಕಂಡುಕೊಂಡ. 1945ರ ಜನವರಿ 25ರಂದು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನೀರಿಗೆ ಫ್ಲೋರೈಡ್ ಬೆರೆಸತೊಡಗಿತು. ಆ ಬಳಿಕ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ. 60ಕ್ಕೂ ಹೆಚ್ಚು ಇಳಿಯಿತು.

ಹೆಚ್ಚಿನ ಅಧ್ಯಯನಗಳು ಮಕ್ಕಳ ಮೇಲೆಯೇ ನಡೆದುದರಿಂದ ಒಂದು ನಂಬಿಕೆ ಬೇರೂರಿತು. ಬೆಳೆಯುತ್ತಿರುವ ಹಲ್ಲಿನೊಳಗೆ ಸೇರಿದರೆ ಮಾತ್ರ ಫ್ಲೋರೈಡ್ ಫಲಕಾರಿ, ದೊಡ್ಡವರಿಗೆ ಅದು ವ್ಯರ್ಥ ಎಂಬುದೇ ಆ ನಂಬಿಕೆ. ದಶಕಗಳ ನಂತರದ ಸಂಶೋಧನೆ ಇದನ್ನು ತಿದ್ದಿತು. ನಾವು ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವನ್ನು ಉಂಟುಮಾಡುತ್ತವೆ. ಆಮ್ಲ ಹಲ್ಲಿನ ಖನಿಜಾಂಶವನ್ನು ಕರಗಿಸುತ್ತದೆ. ಜೊಲ್ಲು ಅದನ್ನು ಮರಳಿ ತುಂಬುತ್ತದೆ. ಈ ರಿಪೇರಿ ಕೆಲಸಕ್ಕೆ ಹಲ್ಲಿನ ಮೇಲ್ಮೈಯಲ್ಲಿರುವ ಫ್ಲೋರೈಡ್ ನೆರವಾಗುತ್ತದೆ. ಇದು ಯಾವ ವಯಸ್ಸಿನಲ್ಲೂ ನಡೆಯುತ್ತದೆ. ವಸಡು ಸರಿದು ಬೇರು ಹೊರಗೆ ಕಾಣುವ ವೃದ್ಧರಿಗಂತೂ ಈ ರಕ್ಷಣೆ ಬಹಳ ಮುಖ್ಯ.

ಆದರೆ ನೀರಿಗೆ ಬೆರೆಸುವ ಫ್ಲೋರೈಡಿನಿಂದ ವಯಸ್ಕರಿಗೆ ಎಷ್ಟು ಲಾಭ? 2007ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹುಳುಕು ಸುಮಾರು ಕಾಲುಭಾಗ ಕಡಿಮೆ ಎಂದರು. 2015ರ ಕಾಕ್ರೇನ್ ವಿಮರ್ಶೆ, ವಯಸ್ಕರ ವಿಷಯದಲ್ಲಿ ಸಾಕಷ್ಟು ಪುರಾವೆ ಇಲ್ಲ ಎಂದಿತು. ಪೇಸ್ಟಿನ ಉಪಯೋಗ ಮಾತ್ರ ದೃಢಪಟ್ಟಿದೆ.

ನಮ್ಮ ನಾಡಿನ ಸಮಸ್ಯೆ ಇದಕ್ಕೆ ತದ್ವಿರುದ್ಧ. ಪಾವಗಡ, ಕೋಲಾರ, ಕೊಪ್ಪಳ, ಗದಗ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅತಿಯಾಗಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಅನುಮತಿಯಿದೆ. ಇದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಮೂಳೆ ಕೀಲುಗಳು ಬಿಗಿಯುತ್ತವೆ.

ಆದ್ದರಿಂದ ಇಂಥ ಊರುಗಳಿಗೆ ಬೇಕಾದುದು ಫ್ಲೋರೈಡ್ ತೆಗೆದ ನೀರು. ಹಲ್ಲಿನ ರಕ್ಷಣೆಗೆ ಪೇಸ್ಟ್ ಇದೆ. ಉಜ್ಜಿ ಉಗುಳಿ, ನುಂಗಬೇಡಿ. ನಿಮ್ಮೂರಿನ ಕೊಳವೆಬಾವಿಯ ನೀರಿನ ಪರೀಕ್ಷೆಯಾಗಿದೆಯೇ? ಪಂಚಾಯಿತಿಯಲ್ಲಿ ಕೇಳಿ ತಿಳಿಯಿರಿ.